ಕೈದಿಮೀನಿನ ಬಾಣಂತನ

ಜೂನ್ ಒಂದಕ್ಕೆ ಮಲ್ಪೆಯ ಬೋಟುಗಳೆಲ್ಲ
ಮೈಗೆ ಮೈ ತಾಗಿಸಿ ನಿಂತವು.
ಕಡಲಿಗೆ ಅರವತ್ತೊಂದು ದಿನ ರಜೆ,
ಮೀನು ಮೊಟ್ಟೆ ಇಡುವ ಕಾಲ, ಬಲೆ ಮುಟ್ಟಬಾರದೆಂದು ಸರಕಾರ.
ಇಪ್ಪತ್ತಾರು ವರ್ಷ ತಾಂಡೇಲರಾಗಿ ದುಡಿದ ಇವರು
ಬಾಪುತೋಟದ ನಮ್ಮ ಚಾವಡಿಯಲ್ಲಿ
ಎರಡಡಿಯ ಗಾಜಿನ ತೊಟ್ಟಿಯೆದುರು
ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತರು.

ಮೀನು ತಂದವಳು ಮಗಳು ನಿಶ್ಮಿತಾ,
ಜೋಡಿಗೆ ನೂರಿಪ್ಪತ್ತು ಕೊಟ್ಟು, ಉಡುಪಿಯಿಂದ, ಬಸ್ಸಿನಲ್ಲಿ,
ನೀರು ತುಂಬಿದ ತೊಟ್ಟೆಯನ್ನು ಮಡಿಲಲ್ಲಿಟ್ಟು.
ಬೂದಿ ಮೈಗೆ ಕರಿ ಪಟ್ಟೆ, ಜೈಲಿನ ಅಂಗಿಯಂತೆ;
ಅಂಗಡಿಯವ ಕಾನ್ವಿಕ್ಟ್ ಅಂದನಂತೆ.
ಪಾಪ, ಏನು ತಪ್ಪು ಮಾಡಿದವು, ಎಂದು ಕೇಳಿದ್ದೆ ನಾನು.
ಹೆಣ್ಣಿನ ಹೊಟ್ಟೆಯಲ್ಲಿ ಮಾತ್ರ ಒಂದು ಚೂರು ಕಿತ್ತಳೆ,
ಅರಸಿನ ಕುಂಕುಮದ ಕೈ ಯಾರೋ ಒರೆಸಿಹೋದ ಹಾಗೆ.

ಮೊದಲ ಸಲದ್ದು ನಿಲ್ಲಲಿಲ್ಲ.
ಗೆರಟೆಯ ಒಳಮೈಗೆ ರಾಗಿಕಾಳಿನಷ್ಟು,
ಇನ್ನೂರೋ ಮುನ್ನೂರೋ ಅಂಟಿಸಿದ್ದವು.
ಆಚೆಮನೆಯ ಹುಡುಗ ಬಂದು ಗಾಜು ತಟ್ಟಿದ,
ಮೊಬೈಲಿನ ಬೆಳಕು ಬಿಟ್ಟ.
ಬೆಳಗ್ಗೆ ನೋಡಿದರೆ ಗೆರಟೆ ತೊಳೆದಿಟ್ಟಂತಿತ್ತು.
ತಾಯಿಯೇ ತಿಂದಿತ್ತು. ತಂದೆಯೂ.
ಅವತ್ತು ಇವರು ಊಟಕ್ಕೇಳಲಿಲ್ಲ.
"ಹೆದರಿದರೆ ತಿನ್ನುತ್ತವೆ" ಅಂದರು ಸಂಜೆಗೆ,
"ಯಾರಿಗೋ ಹೋಗುವ ಬದಲು
ನನ್ನ ಹೊಟ್ಟೆಗೇ ಇರಲಿ ಅಂತ."
ನಾನೇನೂ ಹೇಳದೆ
ಒಣಮೀನಿನ ಬುಟ್ಟಿ ಒಳಗೆ ಎಳೆದುಕೊಂಡೆ, ಮಳೆ ಬರುತ್ತಿತ್ತು.

ಎರಡನೆಯ ಸಲ ಕಾನೂನು ನಮ್ಮ ಮನೆಗೂ ಬಂತು.
ಗಾಜಿನ ಮೂರು ಮಗ್ಗುಲಿಗೆ ಹಳೆ ಪೇಪರು. ಟಿವಿ ಬಂದ್.
ಚಾವಡಿಯಲ್ಲಿ ಹೆಜ್ಜೆ ಸದ್ದಾಗಬಾರದು.
ಇರುಳಲ್ಲಿ ಮೊಟ್ಟೆ ಕದಿಯುವ ಸಕ್ಕರ್ ಮೀನಿಗೆ
ಬಚ್ಚಲಿನ ಬಕೆಟ್ಟಿಗೆ ಗಡಿಪಾರು.
ಫಿಲ್ಟರಿನ ಬಾಯಿಗೆ ನಿಶ್ಮಿತಾಳ ಶಾಲೆಯ ಬಿಳಿ ಕಾಲುಚೀಲ,
ಮರಿ ಎಳೆದುಕೊಂಡು ಹೋದೀತೆಂದು.

ಬೂಸ್ಟು ಹಿಡಿದು ಬೆಳ್ಳಗಾದ ಮೊಟ್ಟೆಗಳನ್ನು
ತಾಯಿ ಬಾಯಲ್ಲಿ ಹೆಕ್ಕಿ ತೆಗೆಯುತ್ತಿತ್ತು,
ಕುಚ್ಚಲಕ್ಕಿಯ ಕಲ್ಲು ಹೆಕ್ಕುವ ಹಾಗೆ.
ಉಳಿದವಕ್ಕೆ ರೆಕ್ಕೆಯಲ್ಲಿ ಗಾಳಿ, ಹಗಲೂ ರಾತ್ರಿ;
ಸೋತರೆ ಪಾಳಿಗೆ ಗಂಡು ಬರುತ್ತಿತ್ತು.
"ನೋಡಿ" ಅಂದೆ ನಾನು.
"ನೋಡಿದೆ" ಅಂದರು.
ನಿಶ್ಮಿತಾ ಹುಟ್ಟಿದಾಗ ಇವರು ರತ್ನಗಿರಿಯ ಆಚೆ,
ಹನ್ನೊಂದು ದಿನದ ಟ್ರಿಪ್ಪಿನಲ್ಲಿದ್ದರು.

ಮೊಟ್ಟೆ ಒಡೆದ ದಿನ
ಬರೀ ಬಾಲದಂಥ ಆ ಜೀವಗಳನ್ನು ಒಂದೊಂದಾಗಿ
ಬಾಯಲ್ಲಿ ಹೊತ್ತು ಮರಳಿನ ಕುಳಿಗೆ ಉಗುಳಿತು ತಾಯಿ.
ಅದೇ ಬಾಯಿ.
ರಾತ್ರಿ ಗಾಳಿಗೆ ಎಲ್ಲೋ ತೆಂಗು ಬಿದ್ದು ಕರೆಂಟು ಹೋಯಿತು.
ಗುಳ್ಳೆ ನಿಂತಿತು. ಮೆಸ್ಕಾಮಿನ ಫೋನು ಯಾರೂ ಎತ್ತಲಿಲ್ಲ.
ಇವರು ಚೊಂಬಿನಲ್ಲಿ ಮೇಲಿನ ನೀರು ಎತ್ತಿ
ಮೊಳದೆತ್ತರದಿಂದ ಸುರಿದರು,
ಎತ್ತಿದರು, ಸುರಿದರು,
ಕಡಲಿಗೆ ಉಸಿರು ಕೊಡುವವರ ಹಾಗೆ.
ಎರಡು ಗಂಟೆಗೆ ಎದ್ದು ಚೊಂಬು ಇಸಿದುಕೊಂಡೆ.
ಗೋಡೆಗೊರಗಿ, ಕಣ್ಣು ಮುಚ್ಚಿಕೊಂಡೇ ಹೇಳಿದರು:
"ಬಲೆ ಬಿಚ್ಚಿದಾಗ ಡೆಕ್ಕಿನ ತುಂಬ ಮೊಟ್ಟೆ.
ಕಾಲು ಜಾರುತ್ತದೆ.
ಪೈಪು ಹಿಡಿದು ತೊಳೆಯುತ್ತೇವೆ."
ಅಷ್ಟೇ. ಆಮೇಲೆ ಗೊರಕೆ.
ಬೆಳಕಾಗುವ ತನಕ ನಾನು ಸುರಿಯುತ್ತಿದ್ದೆ.

ಆಗಸ್ಟಿಗೆ ಉಳಿದದ್ದು ನಲವತ್ತು ಚಿಲ್ಲರೆ.
ಇವರ ಲೆಕ್ಕದಲ್ಲಿ ನಲವತ್ತಾರು, ನನ್ನದರಲ್ಲಿ ನಲವತ್ತಮೂರು;
ಜಗಳವೂ ಆಯಿತು ಅದಕ್ಕೊಂದು.
ಹೊರಡುವಾಗ ಮೆಟ್ಟಿಲಲ್ಲಿ ತಿರುಗಿ ನಿಂತರು,
ನನಗೇನೋ ಹೇಳುತ್ತಾರೆಂದುಕೊಂಡೆ.
"ಮೊಟ್ಟೆಯ ಹಳದಿ ಚಿಟಿಕೆ ಮಾತ್ರ ಹಾಕು.
ಜಾಸ್ತಿಯಾದರೆ ನೀರು ಕೆಡುತ್ತದೆ."

ಮೊದಲ ಟ್ರಿಪ್ಪಿನ ಬಂಗುಡೆ ಮನೆಗೆ ಬಂತು.
ಮೆಟ್ಟುಕತ್ತಿಗೆ ಕೊಟ್ಟೆ, ಹೊಟ್ಟೆ ಬಿರಿಯಿತು:
ಎರಡು ಎಸಳು ತುಂಬ ಮೊಟ್ಟೆ, ಕಿತ್ತಳೆ.
ಕೈ ಒಂದು ಗಳಿಗೆ ನಿಂತದ್ದು ಹೌದು.
ಮತ್ತೆ ಉಪ್ಪು ಮೆಣಸು ಹಚ್ಚಿ
ತೆಂಗಿನೆಣ್ಣೆಯಲ್ಲಿ ಹುರಿದೆ.

ಇವರು ತೊಟ್ಟಿಗೆ ಬೆನ್ನು ಹಾಕಿ ಕೂತು ಉಂಡರು.
ಹಿಂದೆ ಮರಿಗಳು ತಾಯಿಯ ಬಾಲಕ್ಕೆ ತೂಗಿ
ಇತ್ತಿಂದತ್ತ ಹೋದವು, ಬಂದವು.
"ಇನ್ನೊಂದು ಚೂರು ಉಂಟಾ?" ಎಂದು ಕೇಳಿದರು ಮೆಲ್ಲಗೆ.
ಇತ್ತು. ಬಡಿಸಿದೆ.